ಬಹುಲಿಪಿ ಹಸ್ತಪ್ರತಿಸೂಚಿಗಳ ಅಕಾರಾದಿ ಮತ್ತು ಗಣಕಯಂತ್ರ

ಹಸ್ತಪ್ರತಿ ಭಾಂಡಾರವೊಂದರ ಉಪಯುಕ್ತತೆಯು ಅದರಲ್ಲಿರುವ ಓಲೆಗಳ ಸಂಖ್ಯೆಯನ್ನು ಅವಲಂಬಿಸಿರುವಷ್ಟೇ ಆ ಓಲೆಗಳನ್ನು ಸಂಶೋಧಕನ ಕೈಗೆ ತಲುಪಿಸುವ ಸೂಚಿಯನ್ನೂ ಅವಲಂಬಿಸಿದೆ. ಗ್ರಂಥಸಂಪಾದಕನು ಮೊದಲು ತೆರೆಯುವುದು ಕಟ್ಟನ್ನಲ್ಲ, ಸೂಚಿಯ ಕೊನೆಯಲ್ಲಿರುವ ಅಕಾರಾದಿಯನ್ನು. ಅಲ್ಲಿ ಒಂದು ಪ್ರತಿಯ ಹೆಸರು ತನ್ನ ಸ್ಥಾನದಲ್ಲಿ ಇಲ್ಲದೆ ಹೋದರೆ ಆ ಪ್ರತಿಯು ಭಾಂಡಾರದಲ್ಲಿ ಭದ್ರವಾಗಿದ್ದರೂ ಅವನ ಪಾಲಿಗೆ ಇಲ್ಲದಂತೆಯೇ ಸರಿ. ಪಾಠಾಂತರಗಳ ತೂಕ, ಪ್ರತಿಗಳ ವಂಶವೃಕ್ಷ ಇವೆಲ್ಲವೂ ದೊರೆತ ಪ್ರತಿಗಳ ಮೇಲೆ ನಿಲ್ಲತಕ್ಕವಾದುದರಿಂದ ಅಕಾರಾದಿಯ ದೋಷವು ಮುದ್ರಿತ ಪಾಠದವರೆಗೂ ಮುಟ್ಟುತ್ತದೆ.

ಈ ಕಾರ್ಯದಲ್ಲಿ ಹಿಂದಿನವರು ಪಟ್ಟ ಶ್ರಮ ವಿದ್ವಾಂಸರಿಗೆ ವಿದಿತವೇ ಆಗಿದೆ. ಥಿಯೊಡೋರ್ ಔಫ್ರೆಕ್ಟನ 'ಕೆಟಲಾಗಸ್ ಕೆಟಲಾಗೋರಮ್' 1891, 1896 ಮತ್ತು 1903ರಲ್ಲಿ ಮೂರು ಭಾಗಗಳಾಗಿ ಪ್ರಕಟವಾಯಿತು. ಅದನ್ನು ವಿಸ್ತರಿಸಹೊರಟ ಮದರಾಸು ವಿಶ್ವವಿದ್ಯಾಲಯದ ಯೋಜನೆಯ ಮೊದಲ ಸಂಪುಟ 1949ರಲ್ಲಿ ಹೊರಬಂದಿತು. ಜೈನಗ್ರಂಥಗಳಿಗಾಗಿಯೇ ಎಚ್. ಡಿ. ವೇಲಣಕರ್ ಅವರು ಸಿದ್ಧಪಡಿಸಿದ 'ಜಿನರತ್ನಕೋಶ'ವನ್ನು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1944ರಲ್ಲಿ ಪ್ರಕಟಿಸಿತು. ಮೂಡುಬಿದಿರೆ, ಕಾರ್ಕಳ ಮೊದಲಾದೆಡೆಗಳ ಓಲೆಗಳನ್ನು ಕುರಿತ ಕೆ. ಭುಜಬಲಿ ಶಾಸ್ತ್ರಿಯವರ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯನ್ನು 1948ರಲ್ಲಿ ಭಾರತೀಯ ಜ್ಞಾನಪೀಠವು ಹೊರತಂದಿತು. ಈ ಕೊನೆಯ ಕೃತಿಯೊಂದರಲ್ಲಿಯೇ ಇಂದಿನ ಸಮಸ್ಯೆಯ ಮುಖಗಳೆಲ್ಲ ಕಾಣುತ್ತವೆ. ಓಲೆಗಳ ಲಿಪಿ ಕನ್ನಡ. ಗ್ರಂಥಗಳ ಭಾಷೆ ಪ್ರಾಕೃತ, ಸಂಸ್ಕೃತ, ಕನ್ನಡ. ಸೂಚಿಯ ಭಾಷೆ ಹಿಂದಿ, ಮುದ್ರಣ ನಾಗರಿಯಲ್ಲಿ.

ಈ ಬಗೆಯ ಸೂಚಿಗಳನ್ನು ಇಂದು ಗಣಕಯಂತ್ರದಿಂದ ಸಿದ್ಧಪಡಿಸುವುದು ರೂಢಿಯಾಗಿದೆ. ಆದರೆ ಯಂತ್ರವು ಅಕಾರಾದಿಯನ್ನು ಹೇಗೆ ಕಟ್ಟುತ್ತದೆ, ಎಲ್ಲಿ ತಪ್ಪುತ್ತದೆ, ಯಾವ ನಿರ್ಣಯಗಳನ್ನು ಸೂಚಿಕಾರನೇ ಮಾಡಬೇಕು ಎಂಬ ವಿಚಾರ ಸಾಕಷ್ಟು ನಡೆದಿಲ್ಲ. ಅದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಉಪಕರಣದ ಸ್ವರೂಪ

ಅಮೆರಿಕದ ಡೊನಾಲ್ಡ್ ಕ್ನೂತ್ ರೂಪಿಸಿದ 'ಟೆಕ್' ಎಂಬ ಅಕ್ಷರಜೋಡಣೆಯ ವ್ಯವಸ್ಥೆಗೆ ಪೂರಕವಾಗಿ 1980ರ ದಶಕದಲ್ಲಿ ಪೆಹಾಂಗ್ ಚೆನ್ ಎಂಬವರು 'ಮೇಕ್‌ಇಂಡೆಕ್ಸ್' ಎಂಬ ಉಪಕರಣವನ್ನು ರಚಿಸಿದರು. ಅದು ಮುಖ್ಯವಾಗಿ ರೋಮನ್ ಲಿಪಿಯ ಗ್ರಂಥಗಳಿಗಾಗಿ ಹುಟ್ಟಿದುದು. ಜಪಾನೀ ಭಾಷೆಗೆ ಅದನ್ನು ಅಳವಡಿಸಿದಾಗ 'ಮೆಂಡೆಕ್ಸ್' ಎಂಬ ರೂಪ ಬಂದಿತು. ಅದನ್ನು ಯೂನಿಕೋಡ್ ಸಂಕೇತವ್ಯವಸ್ಥೆಗೆ ಹೊಂದಿಸಿ ತಕುಜಿ ತನಾಕಾ ಅವರು ಬೆಳೆಸಿದ ರೂಪವೇ 'ಯುಪಿಮೆಂಡೆಕ್ಸ್'. ಇದು 'ಟೆಕ್ ಲೈವ್' ಎಂಬ ಉಚಿತ ಸಂಗ್ರಹದಲ್ಲಿ ಸೇರಿದೆ. ಅಕ್ಷರಗಳ ಕ್ರಮವನ್ನು ನಿರ್ಧರಿಸಲು ಇದು 'ಐಸಿಯು' ಎಂಬ ಸಾಮಾನ್ಯ ಗ್ರಂಥಾಲಯವನ್ನು ಆಶ್ರಯಿಸುತ್ತದೆ. ಹಲವು ಭಾಷೆಗಳ ಅಕಾರಾದಿ ನಿಯಮಗಳು ಆ ಗ್ರಂಥಾಲಯದಲ್ಲಿ ಅಡಕವಾಗಿವೆ.

ಇದು ಆಜ್ಞಾಸಾಲಿನ ಉಪಕರಣ. ಎಂದರೆ ತೆರೆಯ ಮೇಲೆ ಚಿತ್ರಗಳನ್ನು ಒತ್ತಿ ನಡೆಸುವುದಲ್ಲ. ಉಪಕರಣದ ಹೆಸರು, ಬೇಕಾದ ಆಯ್ಕೆಗಳು, ಕಡತದ ಹೆಸರು ಇಷ್ಟನ್ನು ಒಂದು ಸಾಲಿನಲ್ಲಿ ಬೆರಳಚ್ಚಿಸಿ ಆಜ್ಞಾಪಿಸತಕ್ಕದ್ದು. ಮೊದಮೊದಲು ಇದು ಒರಟಾಗಿ ತೋರಬಹುದಾದರೂ ಸೂಚಿಕಾರ್ಯಕ್ಕೆ ಇದರಿಂದ ಒಂದು ವಿಶೇಷ ಲಾಭವಿದೆ. ಬರೆದಿಟ್ಟ ಆಜ್ಞೆಯನ್ನು ಯಾರು ಎಷ್ಟು ಬಾರಿ ನಡೆಸಿದರೂ ಫಲ ಒಂದೇ. ಐವತ್ತು ಹೊಸ ಪ್ರತಿಗಳು ಸೇರಿದಾಗ ಹಳೆಯ ಅಕಾರಾದಿಯ ನಡುವೆ ಕೈಯಿಂದ ತುರುಕಬೇಕಾದುದಿಲ್ಲ. ಅದೇ ಆಜ್ಞೆಯಿಂದ ಇಡೀ ಅಕಾರಾದಿ ಹೊಸದಾಗಿ ಸಿದ್ಧವಾಗುತ್ತದೆ.

ಉಪಕರಣವು ಓದುವ ಕಡತದಲ್ಲಿ ಪ್ರತಿಯೊಂದು ಉಲ್ಲೇಖವೂ ಒಂದೊಂದು ಸಾಲು: ಒಂದು ಪದ, ಒಂದು ಸಂಖ್ಯೆ. ಇವನ್ನು ಕ್ರಮಗೊಳಿಸಿ, ಒಂದೇ ಪದದ ಸಂಖ್ಯೆಗಳನ್ನು ಒಟ್ಟುಗೂಡಿಸಿ, ಮುದ್ರಣಕ್ಕೆ ಯೋಗ್ಯವಾದ ಇನ್ನೊಂದು ಕಡತವನ್ನು ಅದು ಬರೆಯುತ್ತದೆ. ಕ್ರಮದ ನಿಯಮಗಳೂ ವಿನ್ಯಾಸದ ವಿವರಗಳೂ 'ಶೈಲಿಕಡತ'ವೆಂಬ ಮೂರನೆಯ ಕಡತದಲ್ಲಿರುತ್ತವೆ. ಅಂಗೀಕರಿಸಿದ ಮತ್ತು ತಿರಸ್ಕರಿಸಿದ ಸಾಲುಗಳ ಲೆಕ್ಕ ನಾಲ್ಕನೆಯದೊಂದು ವರದಿಕಡತದಲ್ಲಿ ದಾಖಲಾಗುತ್ತದೆ.

2. ಸಂಕೇತಸಂಖ್ಯೆಯ ಕ್ರಮ ಮತ್ತು ವರ್ಣಮಾಲೆಯ ಕ್ರಮ

ಗಣಕಯಂತ್ರಕ್ಕೆ ಅಕ್ಷರವೆಂಬುದು ಒಂದು ಸಂಖ್ಯೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ಯಾವ ನಿಯಮವನ್ನೂ ಕೊಡದೆ ಕ್ರಮಗೊಳಿಸಲು ಹೇಳಿದರೆ ಸಾಮಾನ್ಯ ಉಪಕರಣಗಳು ಈ ಸಂಖ್ಯೆಗಳ ಏರಿಕೆಯನ್ನೇ ಅನುಸರಿಸುತ್ತವೆ. ಕನ್ನಡದ ಮಟ್ಟಿಗೆ ಇದರ ಫಲ ಬಹುಪಾಲು ಸರಿಯಾಗಿಯೇ ಕಾಣುವುದರಿಂದ ದೋಷವು ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಲಕಾರದ ಸಂಖ್ಯೆ 3250, ಳಕಾರದ ಸಂಖ್ಯೆ 3251, ವಕಾರದ ಸಂಖ್ಯೆ 3253. ಆದುದರಿಂದ ಕೇವಲ ಸಂಖ್ಯಾಕ್ರಮದಲ್ಲಿ 'ಕಳಶ' ಎಂಬುದು 'ಕವಿರಾಜಮಾರ್ಗ', 'ಕಸಾಯಪಾಹುಡ' ಇವುಗಳಿಗಿಂತ ಮೊದಲು ಬಂದುಬಿಡುತ್ತದೆ. ಕನ್ನಡದ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರದ್ದು. ನಿಘಂಟುಗಳಿಗೆ ಒಗ್ಗಿದ ಓದುಗನು 'ಕಳಶ'ವನ್ನು ಹುಡುಕುವುದು 'ಕಹಳೆ'ಯ ಮುಂದೆ. ಹಳಗನ್ನಡದ ೞಕಾರದ ಗತಿ ಇನ್ನೂ ವಿಚಿತ್ರವಾದುದು. ಅದರ ಸಂಖ್ಯೆ 3294. ಇದು ಎಲ್ಲ ವ್ಯಂಜನಗಳನ್ನೂ ಸ್ವರಚಿಹ್ನೆಗಳನ್ನೂ ಮೀರಿ, 3277ರ ಹಲಂತಚಿಹ್ನೆಯನ್ನೂ ದಾಟಿದೆ. ಹೀಗಾಗಿ 'ಕೞ' ಎಂದು ಮೊದಲಾಗುವ ಪದಗಳು 'ಕ್ಷತ್ರಚೂಡಾಮಣಿ'ಯ ಆಚೆಗೆ, ಕಕಾರದ ಕಟ್ಟಕಡೆಗೆ ಹೋಗಿ ಬೀಳುತ್ತವೆ. ಪ್ರಾಚೀನ ಪ್ರತಿಗಳ ಸೂಚಿಯಲ್ಲಿಯೇ ಹೆಚ್ಚಾಗಿ ಬರುವ ಅಕ್ಷರಕ್ಕೆ ಈ ಅವಸ್ಥೆ ಒದಗುವುದು ಗಮನಾರ್ಹ.

ಇದಕ್ಕೆ ಪರಿಹಾರವೆಂದರೆ ಶೈಲಿಕಡತದಲ್ಲಿ ಕನ್ನಡ ಭಾಷೆಯ ನಿಯಮವನ್ನು ಹೆಸರಿಸುವುದು. ಐಸಿಯು ಬಳಸುವ ಕನ್ನಡ ನಿಯಮದಲ್ಲಿ ಅನುಸ್ವಾರ ವಿಸರ್ಗಗಳು ಔಕಾರದ ಅನಂತರ, ಕಕಾರಕ್ಕಿಂತ ಮೊದಲು ನಿಲ್ಲುತ್ತವೆ. ಹಕಾರದ ಮುಂದೆ ಳಕಾರ, ಅದರ ಮುಂದೆ ೞಕಾರ, ರಕಾರದ ಮುಂದೆ ಱಕಾರ ಎಂಬ ಕ್ರಮವನ್ನು ಸೂಚಿಕಾರನು ತಾನೇ ಒಂದು ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿಡಲೂ ಅವಕಾಶವಿದೆ. ಹಾಗೆ ಬರೆದಿಟ್ಟರೆ ಮುಂದೆ ಯಾರಿಗೂ ಸಂದೇಹ ಉಳಿಯುವುದಿಲ್ಲ.

ಕಣ್ಣಿಗೆ ಕಾಣದ ಭೇದಗಳೂ ಕೆಲವಿವೆ. 'ಕೊ' ಎಂಬುದನ್ನು ಒಂದು ವ್ಯಂಜನ, ಒಂದು ಸ್ವರಚಿಹ್ನೆಯಾಗಿಯೂ ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಬೇರೆಬೇರೆಯಾಗಿ ಸೇರಿಸಿಯೂ ದಾಖಲಿಸಬಹುದು. ಕಾಗದದ ಮೇಲೆ ಎರಡೂ ಒಂದೇ. ಇವನ್ನು ಮೊದಲೇ ಏಕರೂಪಗೊಳಿಸುವ ಸಂಸ್ಕಾರವೊಂದು ಅವಶ್ಯ. ಯೂನಿಕೋಡಿಗೆ ಹಿಂದಿನ ನುಡಿ, ಬರಹ ಮೊದಲಾದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಹಳೆಯ ಪಟ್ಟಿಗಳಲ್ಲಿ ಸಂಖ್ಯೆಗಳು ಅಕ್ಷರಗಳನ್ನಲ್ಲ, ಅಕ್ಷರದ ಆಕಾರಖಂಡಗಳನ್ನು ಸೂಚಿಸುತ್ತವೆ. ಅಂತಹವನ್ನು ಪರಿವರ್ತಿಸದೆ ಕ್ರಮಗೊಳಿಸಿದರೆ ದೊರೆಯುವುದು ಅಕಾರಾದಿಯಾಗಿರುವುದಿಲ್ಲ.

3. ಕ್ರಮರೂಪ ಮತ್ತು ಪ್ರತಿರೂಪ

ವರ್ಣಕ್ರಮ ಸರಿಯಾದ ಮೇಲೂ ಸಮಸ್ಯೆ ಮುಗಿಯದು. ಹಸ್ತಪ್ರತಿಗಳಲ್ಲಿ ಒಂದೇ ಕೃತಿಯ ಹೆಸರು ಹತ್ತು ಬಗೆಯಾಗಿ ಬರುತ್ತದೆ. ಅವನ್ನೆಲ್ಲ ತಿದ್ದಿ ಏಕರೂಪಗೊಳಿಸಿದರೆ ಪ್ರತಿಯ ಸಾಕ್ಷ್ಯ ನಷ್ಟವಾಗುತ್ತದೆ; ತಿದ್ದದೆ ಬಿಟ್ಟರೆ ಕೃತಿಯು ಅಕಾರಾದಿಯಲ್ಲಿ ಚದುರಿಹೋಗುತ್ತದೆ. ಈ ಇಕ್ಕಟ್ಟಿಗೆ ಮೇಕ್‌ಇಂಡೆಕ್ಸಿನ ಕಾಲದಿಂದ ಬಂದ ಒಂದು ಸರಳವಾದ ಏರ್ಪಾಡು ಉತ್ತರವಾಗುತ್ತದೆ. ಪ್ರತಿಯೊಂದು ಉಲ್ಲೇಖದಲ್ಲಿಯೂ '@' ಎಂಬ ಚಿಹ್ನೆಯ ಹಿಂದೆ ಒಂದು ರೂಪವನ್ನೂ ಮುಂದೆ ಇನ್ನೊಂದು ರೂಪವನ್ನೂ ಬರೆಯಬಹುದು. ಹಿಂದಿನದು ಸ್ಥಾನವನ್ನು ನಿರ್ಣಯಿಸುತ್ತದೆ, ಮುದ್ರಣದಲ್ಲಿ ಕಾಣುವುದಿಲ್ಲ. ಮುಂದಿನದು ಮುದ್ರಣದಲ್ಲಿ ಕಾಣುತ್ತದೆ, ಸ್ಥಾನವನ್ನು ನಿರ್ಣಯಿಸುವುದಿಲ್ಲ. ಮೊದಲನೆಯದನ್ನು ಕ್ರಮರೂಪವೆಂದೂ ಎರಡನೆಯದನ್ನು ಪ್ರತಿರೂಪವೆಂದೂ ಇಲ್ಲಿ ಕರೆಯಲಾಗಿದೆ.

ಜಪಾನೀಯರಿಗೆ ಈ ಏರ್ಪಾಡು ಅನಿವಾರ್ಯವಾಗಿತ್ತು. ಚೀನೀ ಮೂಲದ ಚಿತ್ರಾಕ್ಷರವನ್ನು ನೋಡಿದಷ್ಟರಿಂದ ಅದರ ಉಚ್ಚಾರಣೆ ತಿಳಿಯದು. ಅವರ ಅಕಾರಾದಿ ನಿಲ್ಲುವುದು ಉಚ್ಚಾರಣೆಯ ಮೇಲೆ. ಆದುದರಿಂದ ಪದದೊಡನೆ ಅದರ ಓದನ್ನೂ ಬರೆಯುವ, ಅಥವಾ ಪದ ಮತ್ತು ಓದುಗಳ ಕೋಶವೊಂದನ್ನು ಉಪಕರಣಕ್ಕೆ ಒದಗಿಸುವ ಪದ್ಧತಿ ಮೆಂಡೆಕ್ಸಿನಲ್ಲಿ ಬೆಳೆಯಿತು. ಕನ್ನಡದ ಓಲೆಗಳಿಗೆ ಬೇಕಾಗಿರುವುದೂ ತತ್ತ್ವತಃ ಇದೇ: ಲಿಪಿಕಾರನ ಬರಹ ಒಂದು, ವಿದ್ವಾಂಸನ ಓದು ಇನ್ನೊಂದು, ಎರಡಕ್ಕೂ ಅದರದರ ಸ್ಥಾನವನ್ನು ಕೊಡುವುದು.

ಲಿಪಿಭೇದದ ಪ್ರಶ್ನೆಗೂ ಇದೇ ಉತ್ತರ. ಕನ್ನಡದ ಪಕಾರವೂ ನಾಗರಿಯ ಪಕಾರವೂ ಯಂತ್ರಕ್ಕೆ ಸಂಬಂಧವಿಲ್ಲದ ಎರಡು ಅಕ್ಷರಗಳು. ನಾಗರಿಯ ಸಾಲುಗಳೆಲ್ಲ ಒಂದು ಗುಂಪಾಗಿಯೂ ಕನ್ನಡದವು ಇನ್ನೊಂದಾಗಿಯೂ ನಿಲ್ಲುತ್ತವೆ. ಯಾವ ಗುಂಪು ಮೊದಲೆಂಬುದನ್ನಷ್ಟೇ ನಿಯಮಿಸಬಹುದು. ಹೀಗೆ ಬಿಟ್ಟರೆ 'ಪದ್ಮಪುರಾಣ'ವನ್ನು ಎರಡು ಕಡೆ ಹುಡುಕಬೇಕಾಗುತ್ತದೆ. ಎಲ್ಲ ಲಿಪಿಗಳ ಹೆಸರುಗಳಿಗೂ ಕನ್ನಡದಲ್ಲಿಯೇ ಕ್ರಮರೂಪವನ್ನು ಕೊಟ್ಟು, ಪ್ರತಿರೂಪವನ್ನು ಮೂಲಲಿಪಿಯಲ್ಲಿ ಉಳಿಸಿದರೆ ಎರಡೂ ಅಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ. ರೋಮನ್ ಲಿಪ್ಯಂತರದಲ್ಲಿ ಇದರ ಅವಶ್ಯಕತೆ ಇನ್ನೂ ಹೆಚ್ಚು. ಅಲ್ಲಿ ಅಕ್ಷರದ ಮೇಲಿನ ಗೆರೆ, ಕೆಳಗಿನ ಚುಕ್ಕಿ ಇವನ್ನು ಎರಡನೆಯ ದರ್ಜೆಯ ಭೇದವಾಗಿ ಎಣಿಸಲಾಗುವುದರಿಂದ ಶ, ಷ, ಸ ಮೂರೂ ಒಂದೇ ಅಕ್ಷರದಡಿ ಬೆರೆತುಹೋಗುತ್ತವೆ.

ನಾಗರಿಯಿಂದ ಕನ್ನಡಕ್ಕೆ ಯಾಂತ್ರಿಕ ಲಿಪ್ಯಂತರ ಮಾಡುವ ಸೌಲಭ್ಯವೂ ಐಸಿಯುವಿನಲ್ಲಿದೆ. ಆದರೆ ಅದರ ಫಲವನ್ನು ಪರಿಶೀಲಿಸದೆ ಕ್ರಮರೂಪವಾಗಿ ಸ್ವೀಕರಿಸುವಂತಿಲ್ಲ. ಸಂಸ್ಕೃತದ ನಾಗರಿಯಲ್ಲಿ ಹ್ರಸ್ವವಾದ ಎಕಾರ ಒಕಾರಗಳಿಗೆ ಚಿಹ್ನೆಯಿಲ್ಲ. 'ಗೊಮ್ಮಟಸಾರ'ವು ಲಿಪ್ಯಂತರದಲ್ಲಿ 'ಗೋಮ್ಮಟಸಾರ'ವಾಗಿ ಬಂದು, 'ಗೊಮ್ಮಟೇಶ್ವರ ಚರಿತೆ'ಯನ್ನು ಬಿಟ್ಟು 'ಗೋವೈದ್ಯ'ದ ನೆರೆಗೆ ಹೋಗುತ್ತದೆ. ಹಳೆಯ ಓಲೆಗಳಲ್ಲಿ ಕೂಡ ಈ ಹ್ರಸ್ವದೀರ್ಘಭೇದವನ್ನು ಬಹುಮಟ್ಟಿಗೆ ಬರೆದು ತೋರಿಸಿರುವುದಿಲ್ಲ. ಇಲ್ಲಿ ನಿರ್ಣಯ ಓದಬಲ್ಲವನದೇ ಹೊರತು ಯಂತ್ರದ್ದಲ್ಲ.

4. ಚದುರುವಿಕೆಯ ಕಾರಣಗಳು

ಕ್ರಮರೂಪವನ್ನು ನಿಶ್ಚಯಿಸುವಾಗ ಗಮನಿಸಬೇಕಾದ ಮುಖ್ಯ ಪ್ರಸಂಗಗಳನ್ನು ಹೀಗೆ ವಿಂಗಡಿಸಬಹುದು.

(ಅ) ರೇಫದ ಮುಂದಿನ ದ್ವಿತ್ವ: ಓಲೆಗಳಲ್ಲಿ 'ಧರ್ಮ್ಮ', 'ಕರ್ಮ್ಮ' ಎಂಬ ಬರಹ ಸಾಮಾನ್ಯ. ಒಂದು ಪ್ರತಿಯಲ್ಲಿ 'ಧರ್ಮನಾಥಪುರಾಣ'ವೆಂದೂ ಇನ್ನೊಂದರಲ್ಲಿ 'ಧರ್ಮ್ಮನಾಥಪುರಾಣ'ವೆಂದೂ ಇದ್ದರೆ, ಅವೆರಡರ ನಡುವೆ 'ಧರ್ಮಪರೀಕ್ಷೆ'ಯೂ ನಯಸೇನನ 'ಧರ್ಮಾಮೃತ'ವೂ ಬಂದು ಒಂದೇ ಕೃತಿಯ ಪ್ರತಿಗಳು ಬೇರ್ಪಡುತ್ತವೆ.

(ಆ) ಅನುಸ್ವಾರ ಮತ್ತು ವರ್ಗಪಂಚಮ: 'ಪಂಚಸಂಗ್ರಹ'ವು ಪಕಾರದ ಆದಿಯಲ್ಲಿಯೂ 'ಪಞ್ಚಸಂಗ್ರಹ'ವು ಟವರ್ಗಕ್ಕೆ ಸ್ವಲ್ಪ ಮೊದಲೂ ಬರುತ್ತವೆ. ಅನುಸ್ವಾರವನ್ನು ಸ್ವತಂತ್ರ ವರ್ಣವಾಗಿ ಎಣಿಸುವ ಪದ್ಧತಿಯೂ ಪರವರ್ಣದ ಅನುನಾಸಿಕವಾಗಿ ಎಣಿಸುವ ಪದ್ಧತಿಯೂ ಬಳಕೆಯಲ್ಲಿವೆ. ಯಾವುದನ್ನು ಹಿಡಿದರೂ ಸರಿ. ಒಂದೇ ಸೂಚಿಯಲ್ಲಿ ಎರಡನ್ನೂ ಹಿಡಿಯಬಾರದು.

(ಇ) ಸಂಯುಕ್ತಾಕ್ಷರದ ಲಾಘವ: 'ತತ್ತ್ವಾರ್ಥಸೂತ್ರ' ಮತ್ತು 'ತತ್ವಾರ್ಥಸೂತ್ರ' ಇವುಗಳ ನಡುವೆ 'ತತ್ಪರ' ಮೊದಲಾದ ಪದಗಳು ಸೇರಿಕೊಳ್ಳುತ್ತವೆ.

(ಈ) ಲಕಾರ ಳಕಾರಗಳ ವಿನಿಮಯ: ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಟೀಕೆಯು ನಾಗರಿ ಮುದ್ರಣದಲ್ಲಿ 'ಧವಲಾ', ಕನ್ನಡದ ರೂಢಿಯಲ್ಲಿ 'ಧವಳ'. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ ಈ ಗ್ರಂಥದ ಮೊದಲ ಸಂಪುಟವು ಹೀರಾಲಾಲ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ನಾಗರಿಯಲ್ಲಿ ಅಚ್ಚಾಯಿತು. ಮುದ್ರಿತ ಗ್ರಂಥವನ್ನು ಹಿಡಿದು ಬರುವ ಓದುಗ ಒಂದು ಹೆಸರನ್ನೂ ಓಲೆಯನ್ನು ಹಿಡಿದು ಬರುವವನು ಇನ್ನೊಂದನ್ನೂ ಹುಡುಕುತ್ತಾನೆ.

(ಉ) ಪ್ರಾಕೃತ ಮತ್ತು ಸಂಸ್ಕೃತ ರೂಪಗಳು: ಜೈನಗ್ರಂಥಸೂಚಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ. 'ಕಸಾಯಪಾಹುಡ' ಮತ್ತು 'ಕಷಾಯಪ್ರಾಭೃತ' ಕೆಲವೇ ಸಾಲುಗಳ ಅಂತರದಲ್ಲಿ ಬಂದಾವು. ಆದರೆ 'ದವ್ವಸಂಗಹ' ಮತ್ತು 'ದ್ರವ್ಯಸಂಗ್ರಹ' ಇವುಗಳ ನಡುವೆ 'ದಶಭಕ್ತಿ', 'ದೇವಾಗಮಸ್ತೋತ್ರ'ಗಳೊಡನೆ ದಕಾರದ ಬಹುಭಾಗವೇ ಅಡ್ಡವಾಗುತ್ತದೆ. ಎರಡರಲ್ಲೊಂದನ್ನು ಕ್ರಮರೂಪವಾಗಿ ಸ್ವೀಕರಿಸಿ, ಮತ್ತೊಂದರ ಸ್ಥಾನದಲ್ಲಿ 'ನೋಡಿ' ಎಂಬ ಸೂಚನೆಯನ್ನು ಇಡತಕ್ಕದ್ದು. ಉಲ್ಲೇಖದ ಕೊನೆಯಲ್ಲಿ '|' ಎಂಬ ಲಂಬರೇಖೆಯನ್ನು ಹಾಕಿ ಈ ಸೂಚನೆಯನ್ನು ಬರೆಯುವ ಸೌಕರ್ಯ ಉಪಕರಣದಲ್ಲಿದೆ.

(ಊ) ನಾಮಾಂತರಗಳು: 'ದೇವಾಗಮಸ್ತೋತ್ರ'ವೂ 'ಆಪ್ತಮೀಮಾಂಸೆ'ಯೂ ಸಮಂತಭದ್ರರ ಒಂದೇ ಕೃತಿ, ಮೊದಲನೆಯದು ಆದಿಪದದಿಂದ ಬಂದ ಹೆಸರು, ಎರಡನೆಯದು ವಿಷಯದಿಂದ ಬಂದುದು. 'ಸಮಯಸಾರ'ವು 'ಸಮಯಪಾಹುಡ'ವೂ ಹೌದು. ನಾಗಚಂದ್ರನೇ ಅಭಿನವಪಂಪ. ಇವನ್ನು ಯಾವ ವರ್ಣನಿಯಮವೂ ಒಂದುಗೂಡಿಸಲಾರದು, ಗ್ರಂಥಪರಿಚಯವೊಂದೇ ಗತಿ.

ಇಂತಹ ಎಡೆಗಳಲ್ಲಿ ಉಪಕರಣದ ಒಂದು ಗುಣ ಬಹಳ ಉಪಕಾರಕವಾದುದು. ಕ್ರಮರೂಪ ಒಂದೇ ಆಗಿದ್ದು ಪ್ರತಿರೂಪ ಬೇರೆಯಾಗಿದ್ದರೆ ಅದು ಎರಡನ್ನೂ ಒಂದು ಸಾಲಾಗಿ ಕೂಡಿಸುವುದಿಲ್ಲ. ಒಂದರ ಕೆಳಗೊಂದನ್ನು ಪ್ರತ್ಯೇಕವಾಗಿ ಇಡುತ್ತದೆ. 'ಧರ್ಮನಾಥಪುರಾಣ'ದ ಕೆಳಗೆ 'ಧರ್ಮ್ಮನಾಥಪುರಾಣ' ತನ್ನ ಬರಹದೊಡನೆಯೇ ನಿಲ್ಲುತ್ತದೆ. ಹುಡುಕುವವನಿಗೆ ಎರಡೂ ಸಿಗುತ್ತವೆ. ಲಿಪಿಕಾರನ ಬರಹಕ್ಕೂ ಲೋಪವಾಗುವುದಿಲ್ಲ.

5. ಬೆರಕೆಯ ಅಪಾಯ

ಚದುರುವಿಕೆಗಿಂತ ಬೆರಕೆ ಹೆಚ್ಚು ಹಾನಿಕರ. ಚದುರಿದ್ದನ್ನು ಹುಡುಕಿದರೆ ಸಿಕ್ಕೀತು; ಬೆರೆತುದು ಬೇರೆಬೇರೆಯೆಂಬ ಅರಿವೇ ಬಾರದು. ಎರಡೂ ರೂಪಗಳು ಒಂದೇ ಆಗಿದ್ದ ಪಕ್ಷದಲ್ಲಿ ಉಪಕರಣವು ಅವನ್ನು ಒಂದೇ ಗ್ರಂಥವೆಂದು ಭಾವಿಸಿ ಸಂಖ್ಯೆಗಳನ್ನು ಒಟ್ಟಾಗಿ ಕೊಡುತ್ತದೆ. 'ಆದಿಪುರಾಣ' ಎಂಬ ಒಂದು ಸಾಲಿನಲ್ಲಿ ಜಿನಸೇನರ ಸಂಸ್ಕೃತ ಕೃತಿಯ ಪ್ರತಿಗಳೂ 941ರಲ್ಲಿ ಪಂಪನು ರಚಿಸಿದ ಕನ್ನಡ ಚಂಪುವಿನ ಪ್ರತಿಗಳೂ ಸೇರಿಬಿಡಬಹುದು. 'ನೇಮಿನಾಥಪುರಾಣ'ವೆಂದರೆ ಕರ್ಣಪಾರ್ಯನದೂ ಉಂಟು, ನೇಮಿಚಂದ್ರನದೂ ಉಂಟು, ಮಹಾಬಲ ಕವಿಯದೂ ಉಂಟು.

ಇದನ್ನು ತಡೆಯಲು ಉಪಶೀರ್ಷಿಕೆಯ ಏರ್ಪಾಡಿದೆ. ಕೃತಿಯ ಹೆಸರಿನ ಮುಂದೆ '!' ಚಿಹ್ನೆಯನ್ನಿಟ್ಟು ಕರ್ತೃವಿನ ಹೆಸರನ್ನು ಬರೆದರೆ ಕೃತಿಯ ಕೆಳಗೆ ಕರ್ತೃಗಳು ಅಕಾರಾದಿಯಾಗಿ ಬೇರ್ಪಡುತ್ತಾರೆ. ಕರ್ತೃ ತಿಳಿಯದಿದ್ದಲ್ಲಿ 'ಅಜ್ಞಾತಕರ್ತೃಕ'ವೆಂದೇ ಬರೆಯಬೇಕು. ಸ್ಥಳವನ್ನು ಖಾಲಿ ಬಿಡಬಾರದು. ಹಾಗೆಯೇ ಪ್ರತಿಯಲ್ಲಿ ಹೆಸರಿಲ್ಲದಾಗ ಊಹಿಸಿದ ಹೆಸರನ್ನು ಕ್ರಮರೂಪದಲ್ಲಿ ಮಾತ್ರ ಬಳಸಿ, ಪ್ರತಿರೂಪದಲ್ಲಿ ಆವರಣಚಿಹ್ನೆಯೊಡನೆ ತೋರಿಸುವುದು ಪ್ರಾಮಾಣಿಕವಾದ ಕ್ರಮ.

6. ಸಂಖ್ಯೆಗಳ ವಿಚಾರ

ಉಪಕರಣವು ಮೂಲತಃ ಪುಟಸಂಖ್ಯೆಗಳಿಗಾಗಿ ರಚಿತವಾದುದು. ಹಸ್ತಪ್ರತಿಸೂಚಿಯಲ್ಲಿ ಬೇಕಾಗುವುದು ಕಟ್ಟಿನ ಸಂಖ್ಯೆ, ಮತ್ತು ಒಂದು ಕಟ್ಟಿನಲ್ಲಿ ಹಲವು ಕೃತಿಗಳಿದ್ದರೆ ಆ ಕೃತಿಯ ಸಂಖ್ಯೆ. ನಡುವೆ ಅಡ್ಡಗೆರೆಯಿರುವ ಸಂಯುಕ್ತಸಂಖ್ಯೆಗಳನ್ನೂ ಇದು ಸ್ವೀಕರಿಸುವುದರಿಂದ 112ನೆಯ ಕಟ್ಟಿನ ಮೂರನೆಯ ಕೃತಿಯನ್ನು '112-3' ಎಂದು ಕೊಡಬಹುದು. ಆದರೆ ಅನುಕ್ರಮವಾಗಿ ಬರುವ ಪುಟಗಳನ್ನು '40–43' ಎಂದು ಸಂಕ್ಷೇಪಿಸುವುದು ಇದರ ಸಹಜಧರ್ಮ. ಗ್ರಂಥದ ಪುಟಗಳಿಗೆ ಇದು ಉಚಿತವಾದರೂ ಹಸ್ತಪ್ರತಿಗಳಿಗೆ ಅನುಚಿತ. ನಾಲ್ಕು ಸ್ವತಂತ್ರ ಪ್ರತಿಗಳು ಒಂದೇ ಗ್ರಂಥದ ನಾಲ್ಕು ಭಾಗಗಳಂತೆ ತೋರುತ್ತವೆ. 'ಆರ್' ಎಂಬ ಆಯ್ಕೆಯನ್ನು ಆಜ್ಞೆಯಲ್ಲಿ ಸೇರಿ ಈ ಸಂಕ್ಷೇಪವನ್ನು ನಿಲ್ಲಿಸತಕ್ಕದ್ದು. ಸಮಾಸಪದಗಳನ್ನು ಕೆಲವರು ಬಿಡಿಸಿಯೂ ಕೆಲವರು ಕೂಡಿಸಿಯೂ ಬರೆಯುವುದರಿಂದ, ಪದಾಂತರದ ತೆರಪನ್ನು ಗಣಿಸದೆ ಅಕ್ಷರಗಳನ್ನಷ್ಟೇ ಹೋಲಿಸುವ 'ಎಲ್' ಎಂಬ ಆಯ್ಕೆಯೂ ಕನ್ನಡಕ್ಕೆ ಉಪಯುಕ್ತ.

7. ಕಾರ್ಯದ ಅನುಕ್ರಮ

ಮೊದಲು ಕ್ರಮರೂಪದ ನಿಯಮಗಳನ್ನು ಬರಹದಲ್ಲಿ ನಿಶ್ಚಯಿಸಬೇಕು. ಅನಂತರ ತೊಡಕಿನ ಪದಗಳನ್ನೇ ಆಯ್ದು, ಳ, ೞ, ಱ, ಅನುಸ್ವಾರ, ದ್ವಿತ್ವ, ಪ್ರಾಕೃತರೂಪ ಎಲ್ಲವೂ ಬರುವಂತೆ ಸುಮಾರು ಐವತ್ತು ಪದಗಳ ಪರೀಕ್ಷಾಪಟ್ಟಿಯನ್ನು ಸಿದ್ಧಪಡಿಸಿ, ಕೈಯಿಂದ ಕ್ರಮಗೊಳಿಸಿದ ಪಟ್ಟಿಯೊಡನೆ ಯಂತ್ರದ ಫಲವನ್ನು ಹೋಲಿಸಬೇಕು. ಎರಡೂ ಒಂದಾದ ಮೇಲೆಯೇ ಇಡೀ ಸೂಚಿಗೆ ಕೈಹಚ್ಚುವುದು ಯುಕ್ತ. ಕೃತಿ, ಕರ್ತೃ, ಲಿಪಿಕಾರ, ಸ್ಥಳ ಇವುಗಳಿಗೆ ಬೇರೆಬೇರೆ ಕಡತಗಳನ್ನಿಟ್ಟು ಅದೇ ಶೈಲಿಕಡತದಿಂದ ನಾಲ್ಕು ಅಕಾರಾದಿಗಳನ್ನು ಪಡೆಯಬಹುದು. ವರದಿಕಡತದಲ್ಲಿ ತಿರಸ್ಕೃತವಾದ ಒಂದು ಸಾಲಿದ್ದರೂ ಅದನ್ನು ಹುಡುಕಿ ಸರಿಪಡಿಸಬೇಕು. ಒಂದು ಸಾಲೆಂದರೆ ಒಂದು ಪ್ರತಿ ಎಂಬುದನ್ನು ಮರೆಯುವಂತಿಲ್ಲ.

ಹಿಂದಿನ ಸೂಚಿಕಾರರು ಚೀಟಿಗಳನ್ನು ಜೋಡಿಸುತ್ತಿದ್ದಾಗ 'ಧರ್ಮ್ಮ'ವನ್ನು 'ಧರ್ಮ'ದೊಡನೆ ಇಡಲು ಯಾವ ನಿಯಮವನ್ನೂ ಬರೆದುಕೊಳ್ಳಬೇಕಾಗಿರಲಿಲ್ಲ. ಅವರ ಪಾಂಡಿತ್ಯವು ಕೈಯಲ್ಲಿಯೇ ಇದ್ದು ಮೌನವಾಗಿ ಕೆಲಸಮಾಡುತ್ತಿತ್ತು. ಆ ಕೈ ಇಲ್ಲವಾದಾಗ ನಿಯಮವೂ ಅದರೊಡನೆ ಇಲ್ಲವಾಗುತ್ತಿತ್ತು. ಮುಂದಿನವನು ಅದೇ ಪೆಟ್ಟಿಗೆಗೆ ಬೇರೆ ನಿಯಮದಿಂದ ಚೀಟಿಗಳನ್ನು ಸೇರಿಸುತ್ತಿದ್ದನು. ಯಂತ್ರಕ್ಕೆ ಮೌನವು ಅರ್ಥವಾಗದು. ಹೇಳದೆ ಅದು ಏನನ್ನೂ ಮಾಡುವುದಿಲ್ಲವಾದುದರಿಂದ ಎಲ್ಲವನ್ನೂ ಬರೆದು ಹೇಳಬೇಕಾಗುತ್ತದೆ. ಯಂತ್ರದ ವೇಗಕ್ಕಿಂತ ಈ ನಿರ್ಬಂಧವೇ ಸೂಚಿಶಾಸ್ತ್ರಕ್ಕೆ ಅದರಿಂದ ದೊರೆಯುವ ದೊಡ್ಡ ಪ್ರಯೋಜನವೆನ್ನಬಹುದು. ಹೀಗೆ ಬರಹಕ್ಕಿಳಿದ ನಿಯಮಗಳನ್ನು ಸೂಚಿಯ ಪೀಠಿಕೆಯಲ್ಲಿಯೇ ಮುದ್ರಿಸುವುದು, ಶೈಲಿಕಡತವನ್ನೂ ಪರೀಕ್ಷಾಪಟ್ಟಿಯನ್ನೂ ಭಾಂಡಾರದ ದಾಖಲೆಗಳೊಡನೆ ಕಾಪಾಡುವುದು ಅವಶ್ಯ. ಆಗ ಎರಡು ಭಾಂಡಾರಗಳ ಅಕಾರಾದಿಗಳನ್ನು ಮುಂದೆ ಒಂದಾಗಿ ಹೊಂದಿಸಲು ಸಾಧ್ಯವಾಗುತ್ತದೆ. ಒಂದು ಕೃತಿಯ ಪ್ರತಿಗಳು ಎಲ್ಲೆಲ್ಲಿವೆಯೆಂಬುದು ಒಂದೇ ಸ್ಥಾನದಲ್ಲಿ ತಿಳಿದುಬರುತ್ತದೆ.